ಎಡಗಡೆಯ ಹಿಂದಿನ ಪೆಟ್ಟಿಗೆ

ಶುಕ್ರವಾರ ಮಧ್ಯಾಹ್ನ ಯುಮಿಯ ಶಾಲೆಯಿಂದ ಚೀಟಿ ಬಂತು. ‘ಮಗು ಕರೆದರೆ ಓಗೊಡುವುದಿಲ್ಲ. ಹೇಳಿದ ಕೆಲಸ ಮಾಡುವುದಿಲ್ಲ. ಹೀಗೇ ಆದರೆ ಮುಂದಿನ ತರಗತಿಗೆ ಕಳಿಸುವುದು ಕಷ್ಟ. ಸೋಮವಾರ ತಂದೆ ತಾಯಿ ಬಂದು ಕಾಣಬೇಕು.’

ಓದಿದಾಗ ನಾನು ಮೀನು ಉಜ್ಜುತ್ತಿದ್ದೆ. ಯುಮಿಯನ್ನು ಒಂದು ಸಲ ಕರೆದೆ. ಮೂರು ಸಲ ಕರೆದೆ. ಏಳು ವರ್ಷದ ನನ್ನ ಕಿರಿಮಗಳು ಬಾಗಿಲ ಹೊಸ್ತಿಲ ಮೇಲೆ, ಬೀದಿಯ ಗದ್ದಲ ಬಲಕ್ಕೆ ಬರುವಂತೆ ಅಡ್ಡಡ್ಡ ಕೂತು, ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಹೆಣೆದು ಹಗ್ಗ ಮಾಡುತ್ತಲೇ ಇದ್ದಳು. ಇಬ್ಬರು ಮಕ್ಕಳನ್ನು ಬೆಳೆಸಿದ್ದೇನೆ, ಒಬ್ಬರ ಮೇಲೂ ಕೈ ಎತ್ತಿದವಳಲ್ಲ. ಅವತ್ತು ಮಾತ್ರ ಎದ್ದು ಹೋಗಿ ಕಿವಿ ಹಿಂಡಿದೆ. ನನ್ನ ಕಡೆಗಿದ್ದ ಕಿವಿ, ಎಡದ್ದು.

“ಬಾಣಲೆ ಕಿವಿ ಕಣೇ ನಿನ್ನದು! ದೇವರು ಎರಡು ಕಿವಿ ಕೊಟ್ಟಿರೋದು ಓಲೆ ನೇತುಹಾಕೋಕಾ?”

ಬಾಣಲೆಗೂ ಎರಡು ಕಿವಿ, ಆದರೆ ಎಷ್ಟು ಕೂಗಿದರೂ ಅಲ್ಲಾಡುವುದಿಲ್ಲ. ಬೇಕೆಂದೇ ಕಿವಿಗೆ ಹಾಕಿಕೊಳ್ಳದವರನ್ನು ನಾವು ಹಾಗೆ ಬೈಯುವುದು. ಯುಮಿ ಅಳಲಿಲ್ಲ. ಬೆಚ್ಚಿ ನನ್ನ ಮುಖ ನೋಡಿ, ಕಿವಿ ಸವರಿಕೊಂಡು, “ಕರೆದ್ಯಾ ನಾನಾಯ್?” ಎಂದಳು; ಅಮ್ಮನಿಗೆ ನಮ್ಮ ಮಕ್ಕಳು ನಾನಾಯ್ ಎನ್ನುವುದು. ಆ ಪ್ರಶ್ನೆ ನನ್ನನ್ನು ಇನ್ನಷ್ಟು ಕೆರಳಿಸಿತು. ಈ ವಯಸ್ಸಿಗೇ ಎಂಥ ನಾಟಕ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ನನ್ನ ಗಂಡ ಸಾಂತೋ ಕರಾವೋಕೆ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುವವನು. ನಮ್ಮೂರು ಸಾನ್ ಪಾಬ್ಲೋದ ಅರ್ಧ ಜನ ಅವನ ಪೆಟ್ಟಿಗೆಯಲ್ಲೇ ಹಾಡಿ ಗಂಟಲು ಹರಿದುಕೊಳ್ಳುತ್ತಾರೆ. ನಮ್ಮ ಮನೆಯ ಟೀವಿಯದು ಮಾತ್ರ ಶೀತ ಹಿಡಿದ ಮೂಗಿನ ದನಿ. ಜಪಾನಿನಿಂದ ಹಡಗಿನಲ್ಲಿ ಬರುವ ಹಳೆಯ ಸಾಮಾನಿನ ಅಂಗಡಿಯಲ್ಲಿ ಈ ಸಲ ಅವನಿಗೆ ಟೀವಿಯ ಸದ್ದನ್ನು ಸ್ಪೀಕರುಗಳಿಗೆ ಹಂಚುವ ರಿಸೀವರ್ ಒಂದು ಸಿಕ್ಕಿತು. ಅಕ್ಕಿ ಡಬ್ಬದಷ್ಟು ಭಾರದ ಕರಿ ಪೆಟ್ಟಿಗೆ. ಸಿನಿಮಾದಲ್ಲಿ ಹೆಲಿಕಾಪ್ಟರ್ ಹಾರಿದರೆ ಅದರ ಸದ್ದು ಮುಂದಿನಿಂದ ಬಂದು ತಲೆ ಮೇಲೆ ದಾಟಿ ಬೆನ್ನ ಹಿಂದೆ ಹೋಗುತ್ತದಂತೆ. ಜಪಾನಿನ ಸಾಮಾನನ್ನು ನಮ್ಮ ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿದರೆ ಹೊಗೆ ಏಳುತ್ತದೆ. ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಇಟ್ಟ. ಟೀವಿಯ ಆಚೀಚೆ ಎರಡು ಸ್ಪೀಕರ್, ನಡುವೆ ಒಂದು, ಸೋಫಾದ ಹಿಂದಿನ ಗೋಡೆಯ ಎರಡು ಮೂಲೆಗೆ ಎರಡು. ಎಲ್ಲ ಆಯಿತು ಎನ್ನುವಾಗ ಸಿಕ್ಕಿಬಿದ್ದ. ಯಾವ ಸ್ಪೀಕರ್ ಎಷ್ಟು ದೂರ, ಯಾವುದಕ್ಕೆ ಎಷ್ಟು ಜೋರು, ಹನ್ನೊಂದು ಬಗೆಯ ದನಿಯಲ್ಲಿ ಯಾವುದು ಬೇಕು ಎಂದು ಆ ಪೆಟ್ಟಿಗೆ ಕೇಳುತ್ತದೆ. ಕೇಳುವುದೆಲ್ಲ ಜಪಾನಿ ಅಕ್ಷರದಲ್ಲಿ.

“ಓದೋಕಾಗದಿದ್ರೆ ಏನಂತೆ? ಈ ಮನೇಲಿ ಹತ್ತು ಕಿವಿ ಇವೆ,” ಎಂದ ಸಾಂತೋ. “ಒಂದೊಂದೇ ಬಟನ್ ಒತ್ತುತೀನಿ. ಯಾವುದು ಎಲ್ಲಿಂದ ಬರುತ್ತೆ ನೀವು ಹೇಳಿ. ಸರಿಯಾದ ಬಟನ್ ಮೇಲೆ ಚೀಟಿ ಅಂಟಿಸ್ತೀನಿ.”

ಭಾನುವಾರ ಚರ್ಚಿನಿಂದ ಬಂದು ಊಟ ಮುಗಿಸಿದ ಮೇಲೆ ಎಲ್ಲರನ್ನೂ ಸೋಫಾದ ಮೇಲೆ ಕೂರಿಸಿದ. ನಡುವೆ ಯುಮಿ, ಅವಳ ಬಲಕ್ಕೆ ಅಕ್ಕ ರೊವೆನಾ, ಎಡಕ್ಕೆ ನಮ್ಮ ಅತ್ತೆ. ಮಕ್ಕಳಿಗೆ ಅವರು ಲೋಲಾ, ಅಂದರೆ ಅಜ್ಜಿ; ನನಗೂ ಅದೇ ರೂಢಿಯಾಗಿಬಿಟ್ಟಿದೆ. ನಾನು ಟೀವಿಯ ಪಕ್ಕದಲ್ಲಿ ನೆಲದ ಮೇಲೆ, ಅವರ ಕಡೆ ಮುಖ ಮಾಡಿ, ಸಾಯಂಕಾಲದ ಸಾರಿಗೆ ಕಾಂಗ್‌ಕಾಂಗ್ ಸೊಪ್ಪು ಬಿಡಿಸುತ್ತ ಕೂತೆ. ಸದ್ದಾಗಬಾರದೆಂದು ಸಾಂತೋ ಫ್ಯಾನ್ ಆರಿಸಿದ.

“ಸೆಕೆಗೆ ನನ್ನನ್ನ ಆವಿಯಲ್ಲಿ ಬೇಯಿಸ್ತೀಯೇನೋ? ನಾನೇನು ಅಕ್ಕಿ ಕಡುಬಾ?” ಎಂದರು ಲೋಲಾ.

“ಐದೇ ನಿಮಿಷ ಇನಾಯ್, ಸ್ವಲ್ಪ ಬಾಯಿಗೂ ಬೀಗ ಹಾಕಿ.”

“ಹೆತ್ತ ತಾಯಿಗೆ ಬೀಗ ಹಾಕ್ತಾನಂತೆ! ಮೊದಲು ಪಕ್ಕದ ಮನೆ ಹುಂಜಕ್ಕೆ ಹಾಕು ಹೋಗು.”

ಹುಂಜ ಕೂಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಯಾಕೆಂದರೆ ಆಮೇಲೆ ಆ ಮಧ್ಯಾಹ್ನ ಯಾರೂ ನಗಲಿಲ್ಲ.

ಸಾಂತೋ ಬಟನ್ ಒತ್ತಿದ. ಕಾದ ಎಣ್ಣೆಗೆ ಒಣಮೀನು ಬಿದ್ದ ಹಾಗೆ ‘ಶ್ಶ್ಶ್’ ಎಂಬ ಸದ್ದು. ಮುಂದೆ ಎಡಕ್ಕೆ, ನಡುವೆ, ಮುಂದೆ ಬಲಕ್ಕೆ, ಹಿಂದೆ ಬಲಕ್ಕೆ, ಹಿಂದೆ ಎಡಕ್ಕೆ. ಒಂದೊಂದು ಸ್ಪೀಕರ್ ಪೆಟ್ಟಿಗೆಯಲ್ಲಿ ಎರಡು ಕ್ಷಣ ನಿಂತು ಕೋಣೆಯನ್ನು ಸುತ್ತು ಹಾಕುತ್ತಿತ್ತು. ನಮ್ಮಲ್ಲಿ ದಿಕ್ಕು ತೋರಿಸಲು ಯಾರೂ ಬೆರಳು ಎತ್ತುವುದಿಲ್ಲ, ತುಟಿ ಚಾಚುತ್ತೇವೆ. ಲೋಲಾ ತುಟಿ ಚಾಚಿದರು, ರೊವೆನಾ ಚಾಚಿದಳು, ಯುಮಿಯೂ ಚಾಚಿದಳು. ಮೂರು ಮೂತಿಗಳೂ ಒಟ್ಟಿಗೇ ತಿರುಗುತ್ತಿದ್ದವು. ಯುಮಿಯದು ಒಂದೂ ತಪ್ಪಲಿಲ್ಲ.

“ನೋಡಿದ್ಯಾ ನೆಲ್ಫಾ, ನಿನ್ನ ಬಾಣಲೆ ಕಿವಿ ಎಷ್ಟು ಚುರುಕು!” ಎಂದ ಸಾಂತೋ. “ಆದ್ರೆ ಇದು ಮೋಸದಾಟ. ಸ್ಪೀಕರ್ ನೋಡ್ಕೊಂಡು ಹೇಳ್ತಿದೀರ. ಎಲ್ಲ ಕಣ್ಣು ಮುಚ್ಚಿ.”

ಮೂವರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ಕೈಯಲ್ಲಿ ಸೊಪ್ಪಿತ್ತು.

ಸದ್ದು ಎಡಕ್ಕೆ ಬಂತು. ಲೋಲಾ, ರೊವೆನಾ ಎಡಕ್ಕೆ ತುಟಿ ಚಾಚಿದರು. ಯುಮಿ ಸುಮ್ಮನಿದ್ದಳು. ಆಮೇಲೆ ನಿಧಾನವಾಗಿ ಬಲಕ್ಕೆ ಚಾಚಿದಳು. ಸದ್ದು ನಡುವೆ ಬಂತು. ಯುಮಿಯ ತುಟಿ ಬಲಕ್ಕೆ. ಸದ್ದು ಬಲಕ್ಕೆ ಹೋಯಿತು. ತುಟಿ ಅಲ್ಲಿಯೇ. ಸದ್ದು ಹಿಂದೆ ಎಡಗಡೆಯ ಪೆಟ್ಟಿಗೆಗೆ, ಅವಳ ಎಡ ಹೆಗಲಿನ ಹಿಂದಕ್ಕೇ ಬಂತು. ಅವಳ ಮುಖ ತಿರುಗಲಿಲ್ಲ. ಎಡ ರೆಪ್ಪೆ ಒಂದೆಳೆ ತೆರೆಯಿತು. ಕಣ್ಣು ಲೋಲಾರ ತುಟಿಯ ಕಡೆ ಹೊರಳಿತು. ತಕ್ಷಣ ಅವಳೂ ತುಟಿಯನ್ನು ಹಿಂದಕ್ಕೆ ಎಡಕ್ಕೆ ತಿರುಗಿಸಿದಳು.

ನನ್ನ ಕೈಯ ಸೊಪ್ಪು ಕೆಳಗೆ ಬಿತ್ತು.

“ಯುಮಿ ಕಣ್ಣು ಬಿಟ್ಟಳು! ತಾತಾಯ್, ಇವಳು ಕಳ್ಳಿ!” ಎಂದು ರೊವೆನಾ ಅಪ್ಪನಿಗೆ ದೂರಿದಳು.

“ಕಳ್ಳಿ ಅಲ್ಲ!” ಯುಮಿಗೆ ಅವಮಾನವಾಯಿತು. “ಬಾಯಿ ನೋಡದೆ ಹೇಗೆ ಹೇಳೋದು? ನೀವೂ ಎಲ್ರೂ ಒಬ್ಬರ ಬಾಯಿ ಒಬ್ಬರು ನೋಡ್ಕೊಂಡೇ ಹೇಳೋದಲ್ವಾ?”

ಆ ಮಗು ನಮ್ಮೆಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿತು. ಸದ್ದು ಎಲ್ಲಿಂದ ಬಂತೆಂದು ಲೋಕದ ಜನರೆಲ್ಲ ಮತ್ತೊಬ್ಬರ ತುಟಿ ನೋಡಿಯೇ ತಿಳಿಯುತ್ತಾರೆ ಎಂದು ಅವಳು ನಂಬಿದ್ದಳು. ಬೀದಿಯಲ್ಲಿ ಮೂರು ಚಕ್ರದ ಬಾಡಿಗೆ ಗಾಡಿ, ಟ್ರೈಸಿಕಲ್, ಹಾರ್ನ್ ಹೊಡೆದಾಗ ಅವಳು ಯಾವಾಗಲೂ ಮೊದಲು ನನ್ನ ಮುಖವನ್ನೇ ಏಕೆ ನೋಡುತ್ತಾಳೆ ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಅಮ್ಮನ ಮೇಲಿನ ಪ್ರೀತಿ ಎಂದುಕೊಂಡಿದ್ದೆ.

ಸಾಂತೋ ಮಾತ್ರ ಒಪ್ಪಲಿಲ್ಲ. “ಸೆಟ್ಟಿಂಗೇ ತಪ್ಪಿರಬೇಕು,” ಎಂದು ಎದ್ದ. ಹಿಂದಿನ ಎರಡು ಸ್ಪೀಕರ್‌ಗಳ ವೈರು ಬಿಚ್ಚಿ ಅದಲುಬದಲು ಮಾಡಿದ. ಎಡಗಡೆಯದರ ಸದ್ದು ಏರಿಸಿದ. ಲೋಲಾ ಕಿವಿ ಮುಚ್ಚಿಕೊಳ್ಳುವಷ್ಟು ಏರಿಸಿದ. “ಈಗ? ಮಗಾ, ಈಗ ಎಲ್ಲಿಂದ?”

“ಅಲ್ಲಿಂದಲೇ ತಾತಾಯ್.” ಯುಮಿ ಬಲಕ್ಕೆ ತುಟಿ ಚಾಚಿದಳು. ಅವಳ ದನಿ ಚಿಕ್ಕದಾಗಿತ್ತು. “ಎಲ್ಲಾ ಅಲ್ಲಿಂದಲೇ ಬರುತ್ತೆ. ಯಾವಾಗಲೂ.”

ನಾನು ಒದ್ದೆ ಕೈ ಒರೆಸಿಕೊಂಡು ಸೋಫಾದ ಹಿಂದೆ ಹೋಗಿ ನಿಂತೆ. ಸಾಂತೋನಿಗೆ ಪೆಟ್ಟಿಗೆ ಆರಿಸೆಂದು ಸನ್ನೆ ಮಾಡಿದೆ. ಯುಮಿಯ ಬಲಗಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಎಡಗಿವಿಯ ಹತ್ತಿರ ಬಗ್ಗಿ, ಎರಡು ದಿನದ ಹಿಂದೆ ನಾನೇ ಹಿಂಡಿದ್ದ ಆ ಕಿವಿಗೆ ತುಟಿ ತಾಗುವಂತೆ, ಅವಳ ಪೂರ್ತಿ ಹೆಸರು ಪಿಸುಗುಟ್ಟಿದೆ. ಮಾಯುಮಿ. ಮತ್ತೆ ಅಂದೆ. ನನ್ನ ಕಂದ, ಅಂದೆ.

ಅವಳು ಕಾದಳು. ಆಮೇಲೆ ಕಾಲು ಅಲ್ಲಾಡಿಸುತ್ತ, “ಏನೋ ಹೇಳ್ತೀಯ ಅಂದ್ಕೊಂಡೆ ನಾನಾಯ್. ಬೇಗ ಹೇಳು, ಸೆಕೆ ಆಗ್ತಿದೆ,” ಎಂದಳು.

ಲೋಲಾ ಶಿಲುಬೆಯ ಗುರುತು ಹಾಕಿಕೊಂಡರು. ರೊವೆನಾ ಏನು ನಡೆಯಿತೆಂದು ಅರ್ಥವಾಗದೆ ನನ್ನನ್ನು ನೋಡಿದಳು. ಅರ್ಥವಾದಾಗ ತಂಗಿಯ ಕೈ ಹಿಡಿದುಕೊಂಡು ಅಳತೊಡಗಿದಳು. “ಯಾಕೆ ಅಳ್ತೀಯ? ಕಳ್ಳಿ ಅಂದಿದ್ದಕ್ಕಾ? ನಂಗೇನೂ ಬೇಜಾರಿಲ್ಲ,” ಎಂದು ಯುಮಿಯೇ ಅವಳನ್ನು ಸಮಾಧಾನ ಮಾಡಿದಳು.

ಟೀವಿಯ ಮೇಲಿನ ಗೋಡೆಯಲ್ಲಿ ಒಂದು ಫೋಟೋ ಇದೆ. ಯುಮಿಗೆ ಆಗ ನಾಲ್ಕು ವರ್ಷ. ಮಂಗನಬಾವು ಬಂದು ಎಡಗೆನ್ನೆ ಊದಿತ್ತು. ನಮ್ಮಲ್ಲಿ ಎಲ್ಲರೂ ಮಾಡುವಂತೆ ಬಟ್ಟೆಯ ನೀಲಿಯನ್ನು ವಿನೆಗರಿನಲ್ಲಿ ಕಲಸಿ ನಾನೇ ಕೆನ್ನೆ ತುಂಬ ಬಳಿದಿದ್ದೆ. ನೀಲಿ ಕೆನ್ನೆಯ ಹುಡುಗಿ ಹಲ್ಲು ಕಿರಿದಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆವು. ಬಾವು ಇಳಿದ ಮೇಲೂ ಕೆಲವು ದಿನ ಅವಳು ನಡೆಯುವಾಗ ಓಲಾಡಿ ಬೀಳುತ್ತಿದ್ದಳು. ಜ್ವರದ ನಿಶ್ಶಕ್ತಿ, ಗಂಜಿ ಕುಡಿಸು, ಎಂದಿದ್ದರು ಲೋಲಾ. ಗಂಜಿ ಕುಡಿಸಿದೆ. ಡಾಕ್ಟರ ಹತ್ತಿರ ಹೋಗಲಿಲ್ಲ. ನೀಲಿ ಬಳಿದ ಮೇಲೆ ಬಾವು ಇಳಿಯಿತಲ್ಲ, ಇನ್ನೇನು?

ಆ ಫೋಟೋ ಕಡೆ ಮೊದಲು ನೋಡಿದವರು ಲೋಲಾ. ಆಮೇಲೆ ನಾವೆಲ್ಲರೂ. ಮೂರು ವರ್ಷ ಅದು ನಮ್ಮ ಕಣ್ಣೆದುರಿಗೇ ಇತ್ತು.

ಸೋಮವಾರ ಶಾಲೆಗೆ ಹೋಗುವ ಮೊದಲೇ ಆಸ್ಪತ್ರೆಗೆ ಹೋದೆವು. ಕಿವಿಯ ಡಾಕ್ಟರು ವಯಸ್ಸಾದ ಹೆಂಗಸು. ಯಂತ್ರಕ್ಕೆ ಹಾಕಿ ನೋಡಿ, ನನ್ನ ಮುಖವನ್ನೂ ನೋಡಿ, ಮೆಲ್ಲಗೆ ಹೇಳಿದರು. “ಮಂಗನಬಾವು ಅಪರೂಪಕ್ಕೆ ಹೀಗೆ ಒಂದು ಕಿವಿ ತಗೊಂಡು ಹೋಗುತ್ತಮ್ಮ. ಅದು ಇನ್ನು ಬರಲ್ಲ. ಬಲಗಿವಿ ಚೆನ್ನಾಗಿದೆ, ಅದನ್ನ ಜೋಪಾನ ಮಾಡಿ.”

“ಆಗಲೇ ಕರ್ಕೊಂಡು ಬಂದಿದ್ರೆ?” ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಆಗಲೂ ಉಳೀತಿತ್ತು ಅಂತ ಹೇಳೋಕಾಗಲ್ಲ. ಆದ್ರೆ ಗೊತ್ತಾಗ್ತಿತ್ತು.”

ಗೊತ್ತಾಗ್ತಿತ್ತು. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಆ ಒಂದು ಮಾತು. ಅಲ್ಲಿಂದ ಶಾಲೆಗೆ ಹೋದಾಗ ಟೀಚರ್ ಡಾಕ್ಟರ ಕಾಗದ ಓದಿ, ಕುರ್ಚಿಯಿಂದ ಎದ್ದು ನಮ್ಮನ್ನು ತರಗತಿಗೆ ಕರೆದುಕೊಂಡು ಹೋದರು. ಮುಂದಿನ ಸಾಲಿನ ಎಡ ತುದಿಯ ಬೆಂಚು ಯುಮಿಗೆ ಸಿಕ್ಕಿತು. ಅಲ್ಲಿ ಕೂತರೆ ಅವಳ ಬಲಗಿವಿ ಇಡೀ ತರಗತಿಯ ಕಡೆಗಿರುತ್ತದೆ. “ಮುಂದಿನ ತರಗತಿ ವಿಷಯ ಬಿಡಿ, ಹೋಗೇ ಹೋಗ್ತಾಳೆ,” ಎಂದರು.

ಅಂದು ಮನೆಗೆ ನಡೆದು ಬರುವಾಗ ನಾನು ಅವಳ ಎಡಕ್ಕಿದ್ದೆ, ಟ್ರೈಸಿಕಲ್‌ಗಳು ಹೋಗುವ ಕಡೆಗೆ. ಅವಳಿಗೆ ಕೇಳಲೆಂದು ಮುಂದೆ ಬಗ್ಗಿ ಹೇಳಿದೆ. “ಶುಕ್ರವಾರ ನಿನ್ನ ಕಿವಿ ಹಿಂಡಿದೆನಲ್ಲ ಕಂದ. ನಂದೇ ತಪ್ಪು.”

ಅವಳು ಯೋಚಿಸಿದಳು. “ಆ ಕಿವಿ ಕೇಳಲ್ಲ ನಾನಾಯ್. ಆದ್ರೆ ನೋವು ಮಾತ್ರ ಆಗುತ್ತೆ.”

ಕೋಪವಿಲ್ಲದೆ, ಗೊತ್ತಿದ್ದ ಸಂಗತಿಯೊಂದನ್ನು ತಿಳಿಸುವಂತೆ ಹೇಳಿದಳು.

ಒಂದು ವಾರ ಸಾಂತೋ ಆ ಕರಿ ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿಟ್ಟಿದ್ದ. ಭಾನುವಾರ ಯುಮಿಯೇ ಟವೆಲ್ ಎಳೆದಳು.

“ಶ್ಶ್ಶ್ ಹಾಕಿ ತಾತಾಯ್.”

“ಬೇಡ ಮಗಾ. ಹಿಂದಿನ ಎರಡೂ ಬಿಚ್ಚಿ ಹಾಕ್ತೀನಿ. ಎಲ್ಲಾ ಮುಂದಿನಿಂದಲೇ ಬರಲಿ. ಎಲ್ಲರಿಗೂ ಒಂದೇ ಥರ.”

“ಬಿಚ್ಚಬೇಡಿ!” ಅವಳು ಸೋಫಾದ ನಡುವೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದಳು. “ಹಾಕಿ. ಯಾರೂ ಮೂತಿ ತೋರಿಸಬಾರದು.”

ಸಾಂತೋ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಸದ್ದನ್ನು ಎಡಗಡೆಯ ಹಿಂದಿನ ಪೆಟ್ಟಿಗೆಯಲ್ಲೇ ನಿಲ್ಲಿಸಿದ. ಯುಮಿ ನಮ್ಮ ಟೇಬಲ್ ಫ್ಯಾನಿನ ಹಾಗೆ ತಲೆಯನ್ನು ಮೆಲ್ಲಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ತಿರುಗಿಸತೊಡಗಿದಳು. ಬಲಕ್ಕೆ ತಿರುಗಿದಳು, ನಿಂತಳು. ವಾಪಸು ಬಂದಳು. ಎಡಕ್ಕೆ ತಿರುಗಿದಳು, ಇನ್ನೂ ತಿರುಗಿದಳು, ಆಮೇಲೆ ಸೋಫಾದ ಮೇಲೆಯೇ ಮೊಣಕಾಲೂರಿ ಪೂರ್ತಿ ಹಿಂದಕ್ಕೆ ತಿರುಗಿದಳು. ಬಲಗಿವಿ ಆ ಮೂಲೆಗೆ ಎದುರಾದಾಗ ಅವಳ ಹುಬ್ಬು ಮೇಲಕ್ಕೆ ಹೋಯಿತು. ಇಷ್ಟು ಮುಂದೆ, ಮತ್ತೆ ಇಷ್ಟು ಹಿಂದೆ. ಜೋರು ಎಲ್ಲಿ ಎಂದು ಹುಡುಕುತ್ತಿದ್ದಳು. ನಾವು ನಾಲ್ವರೂ ತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದೆವು. ಆ ಅಭ್ಯಾಸ ಎಲ್ಲಿ ತಾನಾಗಿ ಅವಳಿಗೆ ಹೇಳಿಕೊಟ್ಟುಬಿಡುತ್ತದೋ ಎಂಬ ಭಯ.

ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವಳು ಕಣ್ಣು ಮುಚ್ಚಿಯೇ ಎಡಗಡೆಯ ಹಿಂದಿನ ಪೆಟ್ಟಿಗೆಯ ಕಡೆ ತುಟಿ ಚಾಚಿದಳು.

“ಅಲ್ಲಿ,” ಎಂದಳು.

ಸಾಂತೋ ಆ ಬಟನ್ನಿನ ಮೇಲೆ ಚೀಟಿ ಅಂಟಿಸಿದ. ಏನು ಬರೆದನೋ ನನಗೆ ಕಾಣಲಿಲ್ಲ. “ಮುಂದಿನದು ಒತ್ತಿ. ಇನ್ನೂ ನಾಲ್ಕು ಪೆಟ್ಟಿಗೆ ಇವೆ,” ಎಂದು ಯುಮಿ ಅವಸರ ಮಾಡಿದಳು.

ಒಲೆಯ ಮೇಲೆ ಅನ್ನವಿತ್ತು. ಸೀದರೆ ಸೀಯಲಿ ಎಂದು ನಾನು ಅಲ್ಲೇ ಕೂತೆ.