ನಾಲ್ಕ ಹಡದಾಕಿ

ಗೋಡೆಯ ಹಸಿರು ಬಣ್ಣ ಒಂದು ಕಡೆ ಉಬ್ಬಿ ಎದ್ದಿದೆ, ಎಡಮಗ್ಗುಲಾಗಿ ಮಲಗಿಸಿದ ಸಕ್ಕುಬಾಯಿಗೆ ಕಾಣುವುದು ಅದೊಂದೇ, ಮೊಣಕಾಲು ಎದೆಗೆ, ಸೀರೆ ಸೊಂಟದ ಮೇಲಕ್ಕೆ, ಬೆನ್ನ ಹಿಂದೆ ಡಾಕ್ಟರು — ಗುರುವಾರಕ್ಕೊಮ್ಮೆ ಕೊಲ್ಲಾಪುರದಿಂದ ಚಿಕ್ಕೋಡಿಗೆ ಬರುವವರು, ಕರುಳು ನೋಡುವ ಕರಿಯ ನಳಿಗೆಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು — ನಳಿಗೆಯ ಈಚೆ ತುದಿಗೆ ಒಂದು ಕಣ್ಣು ಒತ್ತಿ, ಇನ್ನೊಂದು ಮುಚ್ಚಿ, ಸಡಿಲ ಬಿಡವಾ, ಬಿಗಿ ಹಿಡೀಬ್ಯಾಡ, ಬಿಗಿ ಹಿಡಿಯದೆ ಏನು ಮಾಡಲಿ, ಒಳಗೆ ಗಾಳಿ ತುಂಬುತ್ತಿದ್ದಾನೆ, ಹೊಟ್ಟೆ ಹಸಿ ಸೊಪ್ಪು ತಿಂದ ಎಮ್ಮೆಯ ಹೊಟ್ಟೆಯಂತೆ ಉಬ್ಬಿದೆ, ಮಂಪರಿನ ಸೂಜಿ ಹಾಕಿದರೆ ಸಂಜೆತನಕ ಮಲಗಿರಬೇಕು ಎಂದು ಹೇಳಿದ್ದು ಅವಳಿಗಲ್ಲ, ಗಂಡನಿಗೆ, ಬಾಗಿಲಲ್ಲಿ, ಬ್ಯಾಡ ಬಿಡ್ರಿ ಸಾಹೇಬ್ರ, ಭೋಜದ ಬಸ್ ತಪ್ಪತೈತಿ, ನಾಲ್ಕ ಹಡದಾಕಿ ಅದಾಳ, ತಡಕೊಂತಾಳ, ಇಬ್ಬರೂ ನಕ್ಕರು, ನಕ್ಕದ್ದು ಕೇಳಿಸಿತು, ಹಡೆಯುವಾಗ ಅಣ್ಣಾಸಾಬ ಎಲ್ಲಿದ್ದ — ಬಾಯಲ್ಲಿ ಎಂದೂ ಆಡದ ಗಂಡನ ಹೆಸರು, ಈಗ ಮನಸ್ಸಿನಲ್ಲಿ ಉಗಿಯುವಂತೆ ಬರುತ್ತದೆ — ನಿಪ್ಪಾಣಿಯ ತಂಬಾಕಿನ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ, ನಿನ್ನೆಯೂ ಅಷ್ಟೆ, ಕರುಳು ತೊಳೆಯಲು ಮುಂಜಾನೆಯೇ ಭೇದಿ ಔಷಧ ಕುಡಿ ಎಂದು ಬರೆದುಕೊಟ್ಟವನಿಗಾಗಲಿ ಕುಡಿಸಿದವನಿಗಾಗಲಿ ಹೊಳೆಯಲಿಲ್ಲ, ಹೆಂಗಸರು ಕತ್ತಲಿಗೆ ಕಾಯುವ ಊರಿನಲ್ಲಿ ಹಾಡುಹಗಲೇ ನೀರಿನ ಚರಿಗೆ ಹಿಡಿದು ಎಲ್ಲಿಗೆ ಓಡಬೇಕು, ತಂಬಾಕು ಕಡಿದ ಹೊಲದಲ್ಲಿ ಮರೆ ಎಲ್ಲಿದೆ.

ಎದ್ದು ಹೋಗಿಬಿಡಬೇಕು, ಹೋಗಿಬಿಟ್ಟರೆ ಅವ ಇನ್ನೊಮ್ಮೆ ಕರೆತರುವುದಿಲ್ಲ, ರಕ್ತ ಹೋಗುತ್ತಲೇ ಇರುತ್ತದೆ, ಅಕ್ಕ ಸತ್ತೆವ್ವನಿಗೂ ಹೀಗೇ ಹೋಗುತ್ತಿತ್ತು, ಮೂಲವ್ಯಾಧಿ ಇದ್ದೀತು ಬಿಡ ಎಂದಳು, ಬಿಟ್ಟಳು, ಸತ್ತಿ ಊರಿನ ಹೊಳೆದಂಡೆಯಲ್ಲಿ ಸುಟ್ಟು ಬಂದರು, ಅವಳ ಕರುಳಿನಲ್ಲಿ ಏನಿತ್ತೋ ಯಾರೂ ನೋಡಲಿಲ್ಲ, ನನ್ನದನ್ನು ನೋಡಲಿ, ಕೊನೆಯತನಕ ನೋಡಲಿ, ಆದರೆ ಹೀಗಲ್ಲ, ನಳಿಗೆ ಕರುಳಿನ ತಿರುವಿನಲ್ಲಿ ಸಿಕ್ಕಿಕೊಂಡು ಯಾರೋ ಒಳಗಿನಿಂದ ಹಗ್ಗ ಜಗ್ಗಿದಂತೆ, ಅಯ್ಯ ನಮ್ಮವ್ವ, ನರ್ಸು ಸರ್ವರಬಿ ಕಿವಿಯ ಹತ್ತಿರ ಬಾಗಿ, ತಡೀಲಿಲ್ಲಂದ್ರ ಕೈ ಎತ್ತ ಅಕ್ಕಾ, ನಿಲ್ಲಸ್ತಾರ, ಎತ್ತಿದಳು, ನಿಲ್ಲಲಿಲ್ಲ, ಹೊಟ್ಟೆಯೊಳಗಿರುವ ಕಣ್ಣಿಗೆ ಕೈ ಹೇಗೆ ಕಂಡೀತು, ಸಾಹೇಬ್ರ, ಕೈ ಎತ್ಯಾಳ್ರಿ, ಆತಾತು, ಇನ್ನ ಚೂರ, ಕೈ ಇಳಿಸಲಿಲ್ಲ, ಸಾಹೇಬ್ರ, ಇನ್ನೂ ಎತ್ಯಾಳ್ರಿ, ಗಟ್ಟಿ ಹೆಂಗಸದಾಳ ಬಿಡ, ಆಗ ಬಾಯಿ ತಾನಾಗಿ ತೆರೆಯಿತು, ಕಣ್ಣ ತಗದ ಈಚಿ ಕಡೆ ನೋಡ್ರಿ.

ನಳಿಗೆ ನಿಂತಿತು, ಏನವಾ, ಬಿಡಲೇನ, ಬಿಡಬ್ಯಾಡ್ರಿ, ಪೂರಾ ನೋಡ್ರಿ, ಸೂಜಿ ಹಾಕಿ ನೋಡ್ರಿ, ಬಾಗಿಲ ಪರದೆಯ ಆಚೆಯಿಂದ ಗಂಡ, ಏ, ಬಸ್ಸ ತಪ್ಪತೈತಲಾ, ತಪ್ಪಲಿ, ನಾಲ್ಕ ಹಡದಾಕಿ ಬ್ಯಾನಿ ಅಂದ್ರ ಏನಂತ ಗೊತ್ತಿದ್ದ ಹೇಳಾಕತ್ತಾಳ, ನೀವ ಹೋಗ್ರಿ, ಯಾರೂ ನಗಲಿಲ್ಲ, ತುಂಬಿದ ಗಾಳಿಯನ್ನು ಹೊರಗೆ ಬಿಟ್ಟರು, ಹೊಟ್ಟೆ ಇಳಿಯಿತು, ಸಣ್ಣ ಡೋಸ್ ಹಾಕವಾ ಸಿಸ್ಟರ್, ಸರ್ವರಬಿ ಸೂಜಿ ಹಿಡಿದು, ಕೈ ಇಳಸ ಅಕ್ಕಾ, ಆ ಕೈಗೆ ಹಾಕ ತಂಗಿ, ಇದು ಇರಲಿ, ಬಳೆಗಳು ಮೊಣಕೈಗೆ ಜಾರಿ ನಿಂತಿವೆ, ಹಸಿರು ಗೋಡೆಯ ಮುಂದೆ ಕೈ, ಐದೂ ಬೆರಳು ಬಿಚ್ಚಿ, ಮಂಪರು ಏರುತ್ತಿದೆ, ನೋಡಲಿ, ಕೈ —