ಬೇಕರಿಯವನ ಬಾಯಿಗೆ ಬೀಗ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರಲಿಲ್ಲ. ಮೀಸೆ ಚಿಗುರಿದಂದಿನಿಂದ ಬೆಣ್ಣೆ, ಸಕ್ಕರೆ, ಮೈದಾದ ನಡುವೆ ಬೇಯುತ್ತಿರುವವನು ನಾನು. ಕ್ರೀಮು ಹದಕ್ಕೆ ಬಂತೋ ಇಲ್ಲವೋ ಎಂದು ನಾಲಿಗೆಯಲ್ಲಿ ನೋಡದೆ ಮೂಗಿನಲ್ಲಿ ನೋಡಲಾಗುತ್ತದೆಯೇ? ಈ ಮಾತು ನನ್ನ ಹೆಂಡತಿಯ ತಲೆಗೆ ಹೋಗುವುದೇ ಇಲ್ಲ.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾವಿಬ್ಬರು, ಜೊತೆಗೆ ಇವಳ ತಾಯಿ, ನಮ್ಮತ್ತೆ ಇದ್ದರು. ಅತ್ತೆಗೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ. ಮಗಳು ತಲೆ ಬಾಚಿ, ತುತ್ತಿಟ್ಟು, ಬಾಯಿ ಒರೆಸಿದರೆ, ನೀನು ಯಾರ ಮನೆ ಹುಡುಗಿಯಮ್ಮ, ಬಲು ಒಳ್ಳೆಯವಳು ಎನ್ನುತ್ತಿದ್ದರು. ಇವಳು ನಗುತ್ತಲೇ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

ಅತ್ತೆ ತೀರಿಕೊಂಡ ಮೇಲೆ ಇವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಲೆ ಆರಿಸಿದೆನೇ ಎಂದು ಮತ್ತೆ ಮತ್ತೆ ಹೋಗಿ ನೋಡುವಳು. ಪಕ್ಕದ ಮನೆಯಾಕೆಯ ಹೆಸರು ತಟ್ಟನೆ ಬಾಯಿಗೆ ಬರದಿದ್ದರೆ ಮುಖ ಬಿಳುಚಿಕೊಳ್ಳುವುದು. ಅವಳ ಓಡಾಟ ನೋಡಿ ನೋಡಿ ನನಗೂ ನೆಮ್ಮದಿ ಹೋಯಿತು. ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಈಗೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ಮುಂದೆ ಬರದ ಹಾಗೆ ಏನು ಮಾಡಬೇಕು ಎಂದು ಇವಳು ಪಟ್ಟು ಹಿಡಿದಳು. ಆಗ ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಸೊಪ್ಪು, ಕಾಳು, ಮೀನು, ಬಾದಾಮಿ ಹೆಚ್ಚು ತಿನ್ನಿ, ಸಕ್ಕರೆ, ಬೆಣ್ಣೆ, ಕರಿದದ್ದು ಕಡಿಮೆ ಮಾಡಿ. ಅಪಾಯ ತಗ್ಗಬಹುದು, ತಗ್ಗಿಯೇ ತಗ್ಗುತ್ತದೆ ಎಂದು ಹೇಳಲಾರೆ ಅಂದರು. ಇವಳು ಆ 'ಬಹುದು' ಎಂಬುದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದಳು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ರಾತ್ರಿ ಸೊಪ್ಪಿನ ಜೊತೆ ಕಾಳು. ಹಸುವಿಗೂ ನನಗೂ ಬಾಲವೊಂದೇ ವ್ಯತ್ಯಾಸ ಎಂದು ಬೇಕರಿಯಲ್ಲಿ ನನ್ನ ಜೊತೆ ದುಡಿಯುವ ತಮ್ಮನ ಮುಂದೆ ಗೋಳಾಡಿದೆ. ಅವನು ನಗುತ್ತಾ, ಇನ್ನು ಮೇಲೆ ಕ್ರೀಮಿನ ರುಚಿ ನಾನೇ ನೋಡುತ್ತೇನೆ, ಅತ್ತಿಗೆಯ ಅಪ್ಪಣೆಯಾಗಿದೆ ಅಂದ. ಮೈಯೆಲ್ಲ ಉರಿದುಹೋಯಿತು.

ಮೊನ್ನೆ ಅವನು ಗಿರಾಕಿಗಳ ಕಡೆ ಹೋದಾಗ, ಒಲೆಯ ಹಿಂದೆ ನಿಂತು ಎರಡು ಕ್ರೀಮು ಬನ್ನು ಗಬಗಬನೆ ತಿಂದೆ. ಬಾಯಿ ತೊಳೆದುಕೊಂಡೇ ಊಟಕ್ಕೆ ಮನೆಗೆ ಹೋದೆ. ಇವಳು ಕೇಳಿದ್ದಿಷ್ಟೇ, ಹಸಿವಿಲ್ಲವೇ ಎಂದು. ನನ್ನ ಕೈ ತಾನಾಗಿಯೇ ಮೀಸೆ ಒರೆಸಿತು. ಮೀಸೆಯಲ್ಲಿ ಏನೂ ಇರಲಿಲ್ಲ! ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಸಿಕ್ಕಿಬಿದ್ದವನಿಗೆ ಸಿಟ್ಟು ಜಾಸ್ತಿ. ತಟ್ಟೆಯನ್ನು ಪಕ್ಕಕ್ಕೆ ತಳ್ಳಿದೆ.

"ಕಾಯಿಲೆ ಬಂದಿದ್ದು ನಿಮ್ಮಮ್ಮನಿಗೆ. ನಮ್ಮ ಕಡೆಯೋರು ಸಾಯೋವರೆಗೂ ಒಂದು ಹಳೇ ಜಗಳಾನೂ ಮರೆತಿಲ್ಲ. ಬೇಕಾದ್ರೆ ನೀನು ತಿನ್ನು ಸೊಪ್ಪು. ನನಗ್ಯಾಕೆ ಈ ಶಿಕ್ಷೆ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಸೌಟನ್ನು ಪಾತ್ರೆಯೊಳಗಿಟ್ಟು ನನ್ನೆದುರು ಕೂತಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಒಂದು ಕಡೆ ಕೂತದ್ದೇ ಇಲ್ಲ.

"ನನಗೆ ಬರೋದಿದ್ರೆ ಬರುತ್ತೆ. ಸೊಪ್ಪು ತಿಂದ್ರೂ ಬರಬಹುದು, ಅದು ನನಗೂ ಗೊತ್ತು. ಅಮ್ಮನಿಗೆ ನಾನಿದ್ದೆ. ನನಗೆ ಇರೋದು ನೀವೊಬ್ರೇ. ನಾನು ನಿಮ್ಮನ್ನ 'ನೀವು ಯಾರು' ಅಂತ ಕೇಳೋ ದಿನ, ನೀವೂ ನನ್ನ ಅದನ್ನೇ ಕೇಳಿದ್ರೆ?"

ಈ ಹೆದರಿಕೆಯನ್ನು ಇವಳು ಒಬ್ಬಳೇ ಇಟ್ಟುಕೊಂಡು ಮನೆಯಿಡೀ ಸುತ್ತುತ್ತಿದ್ದಳು, ನಾನು ಬನ್ನಿಗಾಗಿ ಜಗಳ ಕಾಯುತ್ತಿದ್ದೆ.

ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಡಿಸು ಅಂದೆ. ಅವಳು ಎದ್ದು ಬಡಿಸಿದಳು. ನಾನು ತುತ್ತಿನ ಮೇಲೆ ತುತ್ತು ನುಂಗುತ್ತಾ ಹೋದೆ, ಅವಳು ಸೌಟು ಹಿಡಿದು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದಳು.