ಬಾಗಿಲಿಲ್ಲದ ಅರಮನೆ

ಎಲೆಗಳಿಗೆ ಇನ್ನೂ ಬಾಯಿ ಇದ್ದ ಕಾಲದಲ್ಲಿ, ಕಾಮಕಸ್ತೂರಿ ಎಲೆಯ ಬೆನ್ನ ಮೇಲೆ ಒಬ್ಬ ರಾಜ ಇದ್ದನಂತೆ, ಕಣ್ಣಿಗೆ ಕಾಣದಷ್ಟು ಪುಟ್ಟ ರಾಜ, ಅವನಿಗೆ ಹೊನ್ನಿನ ಅರಮನೆ, ಗೋಡೆ ಹಾಗಲಕಾಯಿಯ ಹಾಗೆ ಉಬ್ಬುಉಬ್ಬು, ಬಾಗಿಲು ಮಾತ್ರ ಇಲ್ಲ — ಈಗ ಸೂಕ್ಷ್ಮದರ್ಶಕದ ಬೆಳಕಿನ ಅಂಚಿನಲ್ಲಿ ಹೊನ್ನಿನದೇ ಏನೋ ಹೊಳೆದು ಜಾರಿತಲ್ಲ, ಅಲ್ಲ, ಇರಲಾರದು, ಎಂಟನೆಯ ಗಾಜಿನ ಕೊನೆಯ ಮೂಲೆ ಇದು, ಹಿಂದಿನ ಏಳರಲ್ಲಿ ಏನೂ ಇರಲಿಲ್ಲ, ಪ್ರಯೋಗಾಲಯದ ಹೊರಗೆ ಬೆಂಚಿನ ಮೇಲೆ ನಮ್ಮಜ್ಜಿ ಕೂತಿದ್ದಾಳೆ, ನಿನಿ ಓನಿ, ನಿನಿ ಎಂದರೆ ನಮ್ಮಲ್ಲಿ ಅಜ್ಜಿ, ಸುಂಡಾ ಸೀಮೆಯ ಗಾರುತ್ ಪೇಟೆಯಲ್ಲಿ ನಲವತ್ತು ವರ್ಷ ಹಸಿ ಸೊಪ್ಪು ಮಾರಿದವಳು, ಇಪ್ಪತ್ತೊಂದು ದಿನದಿಂದ ಒಂದು ಕಟ್ಟನ್ನೂ ಮಾರದವಳು, ಒಂದು ಎಲೆಯನ್ನೂ ಬಾಯಿಗಿಡದವಳು. ಸುಂಡಾ ಹೆಂಗಸು ಹಸಿ ಎಲೆಯಿಲ್ಲದೆ ಅನ್ನ ಉಣ್ಣುವುದೆಂದರೆ ಸುಮ್ಮನೆಯೇ, ಪಕ್ಕದ ಅಂಗಡಿಯಲ್ಲಿ ಉಪ್ಪುಮೀನು ಮಾರುವ ಓದಿಂಗ್ ಮಾವ ದಿನಾ ಕೆಣಕುತ್ತಿದ್ದ, ಏನವ್ವಾ ಓನಿ, ಸಾಂಬಾಲ್ ಚಟ್ನಿ ಒಂದಿದ್ರೆ ಬೇಲಿನೂ ಮೇಯೋಳು ನೀನು, ಈಗ ಉಪವಾಸ ಬಿದ್ದ ಮೇಕೆ ಥರ ಕೂತಿದ್ದೀಯಲ್ಲ, ಅದಕ್ಕೆ ನಿನಿ, ನಿನ್ನ ಮೀನಿನ ವಾಸನೆಗೇ ಹೊಟ್ಟೆ ತುಂಬ್ತದೆ ಬಿಡಪ್ಪ. ವ್ರತ ಹಿಡಿಸಿದವಳು ನಾನೇ, ನೆಂಗ್, ಅಜ್ಜಿಯ ಮುದ್ದಿನ ನೆಂಗ್, ಅವಳ ಕಥೆ ಉಂಡು ಬೆಳೆದವಳು, ಪೇಟೆಯ ಸೊಪ್ಪು ತೊಳೆದ ನೀರಿನಲ್ಲಿ ಹುಳುವಿನ ಮೊಟ್ಟೆ ಹುಡುಕುವ ಕೆಲಸ ನನ್ನದು, ಪೇಟೆಯಿಂದ ಬಂದ ಹೆಸರಿಲ್ಲದ ಹತ್ತು ಸೊಪ್ಪಿನ ಚೀಲಗಳಲ್ಲಿ ನಾಲ್ಕನೆಯದರಲ್ಲಿ ಆ ಹೊನ್ನಿನ ದುಂಡು ಮೊಟ್ಟೆ ಕಂಡಾಗ ಎಷ್ಟು ಚಂದ ಅಂದುಕೊಂಡೆ, ಆಮೇಲೆ ಚೀಲದೊಳಗೆ ಬಿದಿರಿನ ನಾರು ಕಂಡಿತು, ಬಾಲದ ಹಾಗೆ ತುದಿ ಮಡಿಸಿದ ಗಂಟು, ಆ ಗಂಟು ಪೇಟೆಯಲ್ಲಿ ಒಬ್ಬಳೇ ಹಾಕುವುದು.

ನಿನಿಗೆ ಹೇಳದೆ ಇರಬಹುದಿತ್ತು, ಹೇಳಿದೆ, ಕರೆತಂದು ತೋರಿಸಿಯೂ ಬಿಟ್ಟೆ, ಅವಳು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು, ಅಳುತ್ತಾಳೆ ಅಂದುಕೊಂಡಿದ್ದೆ, ಅವಳೋ, ಅಯ್ಯ, ಅರಮನೆ ಕಣೇ ಇದು, ಬಾಗಿಲೇ ಇಲ್ವಲ್ಲ, ರಾಜ ಹೊರಗೆ ಹೆಂಗ್ ಬರ್ತಾನೆ? ಕೂಸುಗಳ ಹೊಟ್ಟೆಯೊಳಗೆ ಬಾಗಿಲು ತೆರೆಯುತ್ತೆ ನಿನೀ, ಆಮೇಲೆ ಕೂಸು ಉಂಡಿದ್ದೆಲ್ಲ ಅವನೇ ಉಣ್ತಾನೆ, ಅಂದೆ. ಸೆರಗಿನಲ್ಲಿ ಕೈ ಒರೆಸಿದಳು, ರಾಜನ್ನ ಕೂಸುಗಳ ಹೊಟ್ಟೆಗೆ ಹೊತ್ತು ಕಳಿಸೋಕೆ ನಾನೇನು ಪಲ್ಲಕ್ಕಿಯವಳಾ, ನೀನು ಇಲ್ಲ ಅನ್ನೋವರೆಗೂ ಮಾರಲ್ಲ, ತಿನ್ನಲ್ಲ, ಆದ್ರೆ ನೆಂಗ್, ಮೂಲೆಮೂಲೆ ನೋಡಿ ಹೇಳ್ಬೇಕು, ಅಜ್ಜಿ ಅಂತ ಅರ್ಧ ನೋಡಿ ಹೇಳ್ಬಾರ್ದು, ಮಾತು ಕೊಡು — ಕೊಟ್ಟೆ. ಉಪ್ಪುನೀರಲ್ಲಿ ಮುಳುಗಿಸಿ ತಂದಳು, ರಾಜ ಇದ್ದ, ಹುಳಿನೀರಲ್ಲಿ ತಂದಳು, ಆಗಲೂ ಇದ್ದ, ಮೂರು ಸಲ ತೊಳೆದೆ ಕಣೇ, ನಿನ್ನ ಗಾಜೇ ಕೊಳಕು. ನಿನ್ನೆ ಬೆಳಿಗ್ಗೆ ಅವಳು ತೊಳೆಯುವುದನ್ನು ನಿಂತು ನೋಡಿದೆ, ನಗು ಬಂತು, ಕಟ್ಟಿದ ಕಟ್ಟನ್ನೇ ಬಾನಿಯಲ್ಲಿ ಅದ್ದುತ್ತಾಳೆ, ಅದೇ ನೀರು ಎಲ್ಲ ಕಟ್ಟುಗಳಿಗೂ, ಒಳಗಿನ ದಂಟುಗಳಿಗೆ ನೀರೇ ಸೋಕುವುದಿಲ್ಲ. ಗಂಟು ಬಿಚ್ಚು ನಿನೀ. ಬಿಚ್ಚಬಾರ್ದು, ಮಾರೋಳು ಬಿಚ್ಚಿದ್ರೆ ತಿನ್ನೋರ ಮನೆ ಸಂಬಂಧ ಸಡಿಲ ಆಗ್ತದೆ, ನಮ್ಮವ್ವ ಹೇಳಿದ್ದು, ಅವಳವ್ವ ಅವಳಿಗೆ ಹೇಳಿದ್ದು. ಏನು ಹೇಳಲಿ, ಪುಸ್ತಕದ ಮಾತು ಅವಳಿಗೆ ತಾಗದು, ಥಟ್ಟನೆ ಬಾಯಿಗೆ ಬಂತು, ನಿನೀ, ಚಿಕ್ಕಂದಿನಲ್ಲಿ ನನಗೆ ನೀರು ಹಾಕೋವಾಗ ಬಟ್ಟೆ ಸುತ್ತಿಯೇ ಹಾಕ್ತಿದ್ದೆಯಾ? ಅವಳು ನನ್ನನ್ನು ನೋಡಿದಳು, ಕಟ್ಟನ್ನು ನೋಡಿದಳು, ನಗಲು ಶುರುಮಾಡಿದಳು, ಬಾನಿಯ ಅಂಚು ಹಿಡಿದು ಕೂತುಬಿಟ್ಟಳು, ಉಳಿದ ನಾಲ್ಕು ಹಲ್ಲೂ ಕಂಡವು, ನಲವತ್ತು ವರ್ಷ ಕಣೇ, ನಲವತ್ತು ವರ್ಷ ಬಟ್ಟೆ ಸುತ್ತಿ ಸ್ನಾನ ಮಾಡ್ಸಿದೀನಲ್ಲೇ, ಆಮೇಲೆ ಉಗುರಿನಿಂದ ಗಂಟು ಎಳೆದಳು, ನಾರು ಸುರುಳಿ ಬಿಚ್ಚಿಕೊಂಡು ಒದ್ದೆ ಕಲ್ಲಿನ ಮೇಲೆ ಬಿತ್ತು, ಬಿದಿರಿನ ಕೊಳವೆಯಿಂದ ಸುರಿಯುವ ನೀರಿನಡಿ ಒಂದೊಂದೇ ಎಲೆ ಹಿಡಿದಳು, ಹೊಟ್ಟೆಗೊಂದು ಬೆನ್ನಿಗೊಂದು ಬೆರಳು, ಎಲೆಗೊಂದು ಹೆಸರು, ನೀನು ಚೆಲುವಿ, ನೀನು ಸೋಮಾರಿ, ನೀನು ಓದಿಂಗನ ಹೆಂಡತಿ.

ಆ ಎಲೆಗಳ ನೀರೇ ಇದು, ಹೊನ್ನಿನದು ಮತ್ತೆ ಬಂತು, ನಡುವಿಗೆ ಬಂತು, ದುಂಡಗೆ, ಮುಚ್ಚಿಡಲೇ, ಮಾತು ಕೊಟ್ಟಿದ್ದೇನೆ, ಸೂಕ್ಷ್ಮದರ್ಶಕದ ತಿರುಪು ಇನ್ನೊಂದು ಕೂದಲೆಳೆಯಷ್ಟು, ಗೆರೆ, ಒಂದು ಗೆರೆ, ಎರಡು, ಸುಲಿದ ಕಿತ್ತಳೆಯ ತೊಳೆಗಳ ಹಾಗೆ ಆರು ಗೆರೆ — ಬು ತಾರ್ಸಿ, ಸ್ವಲ್ಪ ಬನ್ನಿ. ತಾರ್ಸಿ ಅಮ್ಮ, ನಮ್ಮ ಮೇಲಧಿಕಾರಿ, ಕನ್ನಡಕ ಹಣೆಗೇರಿಸಿ ಬಗ್ಗಿದರು, ಹೂವಿನ ಪುಡಿ ಕಣಮ್ಮ, ಪರಾಗ, ಮೊಟ್ಟೆಯಲ್ಲ, ನಿಮ್ಮಜ್ಜಿಯ ಕಾಮಕಸ್ತೂರಿ ಹೂ ಬಿಟ್ಟಿದೆ, ಅಷ್ಟೇ, ಹಾಗೆಂದು ಕುಣಿಬೇಡ, ಈ ಎಲೆಯಲ್ಲಿ ಇಲ್ಲ ಅಂತ ಬರಿ, ನಾಳೆಯದು ನಾಳೆ. ಬರೆದೆ, ಕುಣಿದೆ, ಅರಮನೆಯಲ್ಲ, ಆರು ಬಾಗಿಲೂ ತೆರೆದ ಹೂವಿನ ಮನೆ, ಜಗಲಿಗೆ ಬಂದೆ, ಬಿಸಿಲು, ನಿನಿಯ ಮಡಿಲಲ್ಲಿ ಬಾಳೆಲೆಯ ಪೊಟ್ಟಣ, ಅನ್ನ, ಸಾಂಬಾಲ್, ನಿನ್ನೆ ತೊಳೆದುದರಲ್ಲಿ ಉಳಿದ ಎಲೆ, ಎಷ್ಟು ಧೈರ್ಯ ಇವಳಿಗೆ, ಕಟ್ಟಿಕೊಂಡೇ ಬಂದಿದ್ದಾಳೆ, ರಾಜ ಇದಾನೇನೇ? ಇಲ್ಲ ನಿನೀ. ಮೂಲೆಮೂಲೆ ನೋಡ್ದೆಯಾ? ಮೂಲೆಮೂಲೆ. ಅವಳು ಒಂದು ಎಲೆ ನನ್ನ ಬಾಯಿಗಿಟ್ಟಳು, ಒಂದು ತನ್ನ ಬಾಯಿಗೆ, ಕಣ್ಣು ಮುಚ್ಚಿದಳು, ಕಾಮಕಸ್ತೂರಿಯ ಘಮ ಮೂಗಿನವರೆಗೂ ಏರಿತು, ಮತ್ತೆ ಅವಳ ಬೆರಳಿನಲ್ಲಿ, ಉಂಗುರದ ಹಾಗೆ ಸುತ್ತಿಕೊಂಡು, ಬಿಚ್ಚಿದ ಬಿದಿರಿನ ನಾರು.